ಹಾಲಿನ ಬಾಟಲಿ: ಶುದ್ಧಿಯ ಪ್ರಶ್ನೆ, ಎಚ್ಚರದ ಧರ್ಮ

ಹಸುಗೂಸಿನ ಹಾಲಿನ ಬಾಟಲಿ, ನಿಪ್ಪಲ್, ಚಮಚ, ಬಟ್ಟಲುಗಳನ್ನು ಸೋಪು ಹಾಕಿ ತೊಳೆದರೆ ಸಾಕೇ, ತೊಳೆದ ಮೇಲೆ ಕುದಿಸಿ ಸ್ಟೆರಿಲೈಸ್ ಮಾಡಲೇಬೇಕೇ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವೊಂದರಿಂದಲೇ ಕೊನೆಯ ಉತ್ತರ ಸಿಗುವುದಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಮಗುವಿಗೆ ಕನಿಷ್ಠ 12 ತಿಂಗಳು ತುಂಬುವವರೆಗೆ ಹಾಲುಣಿಸುವ ಸಾಮಾನನ್ನೆಲ್ಲ ಸ್ಟೆರಿಲೈಸ್ ಮಾಡಿ ಎನ್ನುತ್ತದೆ. ಕುದಿಸುವುದಾದರೆ ಕನಿಷ್ಠ 10 ನಿಮಿಷ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 5 ನಿಮಿಷ ಸಾಕೆನ್ನುತ್ತದೆ. ಎರಡು ತಿಂಗಳಿಗಿಂತ ಚಿಕ್ಕ ಕೂಸು, ದಿನ ತುಂಬುವ ಮುನ್ನ ಹುಟ್ಟಿದ ಕೂಸು, ರೋಗನಿರೋಧಕ ಶಕ್ತಿ ಕುಂದಿದ ಕೂಸು ಇವರ ವಿಷಯದಲ್ಲಿ ಅದು ದಿನಕ್ಕೊಮ್ಮೆ ಎಂದು ಒತ್ತಿ ಹೇಳುತ್ತದೆ. ಅದಕ್ಕಿಂತ ದೊಡ್ಡದಾದ, ಗಟ್ಟಿಮುಟ್ಟಾದ ಮಗುವಿಗೆ ಪ್ರತಿ ಸಲವೂ ಬಾಟಲಿಯನ್ನು ಸರಿಯಾಗಿ ತೊಳೆಯುತ್ತಿದ್ದರೆ ದಿನವೂ ಕುದಿಸುವ ಅಗತ್ಯ ಬೀಳಲಿಕ್ಕಿಲ್ಲ ಎಂಬುದು ಅದರ ಅಭಿಪ್ರಾಯ. ಎರಡೂ ದೇಶಗಳ ತಜ್ಞರು ಓದಿರುವುದು ಒಂದೇ ಸೂಕ್ಷ್ಮಜೀವಿಶಾಸ್ತ್ರ. ಎಷ್ಟು ಸಣ್ಣ ಅಪಾಯಕ್ಕೆ ಎಷ್ಟು ಶ್ರಮ ತಕ್ಕದ್ದು, ಆ ಶ್ರಮ ಯಾರ ಪಾಲಿಗೆ ಬರಬೇಕು, ತನ್ನ ಪರವಾಗಿ ತಾನೇ ಮಾತಾಡಲಾರದ ಜೀವದ ಮೇಲೆ ಎಷ್ಟು ಅಪಾಯ ಹೊರಿಸಬಹುದು ಎಂಬ ತೂಕದಲ್ಲಿ ಅವರು ಬೇರೆಯಾಗುತ್ತಾರೆ. ಈ ತೂಕ ಧರ್ಮವಿಚಾರಕ್ಕೆ ಸೇರಿದ್ದು.

ಪಾತ್ರೆಯ ಶುದ್ಧಿಯನ್ನು ಧರ್ಮಗ್ರಂಥಗಳು ಬಹು ಹಿಂದೆಯೇ ಕೈಗೆತ್ತಿಕೊಂಡಿವೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ಉದ್ದನೆಯ ಭಾಗವೇ ಇದೆ. ಏನೂ ಮೆತ್ತಿಕೊಳ್ಳದ ಚಿನ್ನದ ಪಾತ್ರೆಗೆ ಬರೀ ನೀರು ಸಾಕು. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆಗಳಿಗೆ ಕ್ಷಾರ, ಹುಳಿ, ನೀರು. ಮಣ್ಣಿನ ಮಡಕೆಗೆ ಮತ್ತೆ ಬೆಂಕಿ. ಬೂದಿ, ಹುಣಸೆಹಣ್ಣು ಹಚ್ಚಿ ಪಾತ್ರೆ ಬೆಳಗಿದ ಕನ್ನಡದ ಅಡುಗೆಮನೆಗಳು ಬಹುಕಾಲ ನಡೆಸಿಕೊಂಡು ಬಂದದ್ದು ಇದನ್ನೇ. ಯೆಹೂದ್ಯರ ಹಗಾಲಾ ಎಂಬ ಕ್ರಮ ಇನ್ನೂ ಹತ್ತಿರದ್ದು. ನಿಷಿದ್ಧ ಆಹಾರ ಬೆಂದ ಲೋಹದ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಮತ್ತೆ ಬಳಕೆಗೆ ತರುವ ವಿಧಿ ಅದು. ಹೊರಗಿನಿಂದ ನೋಡಿದರೆ, ಒಲೆಯ ಮೇಲೆ ಬಾಟಲಿ ಕುದಿಸುತ್ತಿರುವ ತಾಯಿ ಮಾಡುವುದೂ ಅದನ್ನೇ.

ಆದರೆ ಎರಡರ ಉದ್ದೇಶ ಬೇರೆ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1966ರಲ್ಲಿ ಪ್ರಕಟಿಸಿದ ‘ಪ್ಯೂರಿಟಿ ಅಂಡ್ ಡೇಂಜರ್’ ಗ್ರಂಥದಲ್ಲಿ, ಮಡಿಮೈಲಿಗೆಯ ನಿಯಮಗಳನ್ನು ಅರೆಬೆಂದ ಆರೋಗ್ಯಶಾಸ್ತ್ರವೆಂದು ಓದುವುದು ತಪ್ಪು ಎಂದು ವಾದಿಸಿದರು. ಯಾವುದು ಎಲ್ಲಿರಬೇಕು, ಯಾರು ಯಾವುದನ್ನು ಮುಟ್ಟಬಹುದು ಎಂಬ ವ್ಯವಸ್ಥೆಯನ್ನು ಆ ನಿಯಮಗಳು ಕಾಯುತ್ತವೆ. ಮಡಿ ಅಡುಗೆಮನೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಕಾಣುತ್ತದೆ: ಅನ್ನ ಬೆಂದ ಪಾತ್ರೆ ಎಷ್ಟೇ ಹೊಳೆಯುತ್ತಿರಲಿ ಮುಸುರೆಯೇ, ಬಾವಿಯಿಂದ ಮಡಿಯಲ್ಲಿ ಸೇದಿ ತಂದ ನೀರು ಕುದಿಸದಿದ್ದರೂ ಮಡಿನೀರೇ. ಇದೇ ನಿಯಮಗಳು ಮನುಷ್ಯರನ್ನು ಮನುಷ್ಯರಿಂದ ದೂರವಿಟ್ಟ ಕ್ರೌರ್ಯವನ್ನೂ ಮರೆಯುವಂತಿಲ್ಲ. ರೋಗಾಣುವಿಗೆ ಜಾತಿ ಗೊತ್ತಿಲ್ಲ, ಮಡಿಯೂ ಗೊತ್ತಿಲ್ಲ.

ಅದೇ ಶಾಸ್ತ್ರಗಳು ಕೂಸಿನ ವಿಷಯದಲ್ಲಿ ತಮ್ಮ ಪಟ್ಟನ್ನು ಸಡಿಲಿಸಿದ್ದು ಗಮನಿಸಬೇಕಾದ ಸಂಗತಿ. ಹಾಲು ಸೊರೆಯುವಾಗ ಕರುವಿನ ಬಾಯಿ ಶುದ್ಧ ಎಂದು ಮನುಸ್ಮೃತಿ ಹೇಳುತ್ತದೆ. ಇಲ್ಲದಿದ್ದರೆ ಲೋಕದ ಹಾಲೆಲ್ಲ ಎಂಜಲಾಗುತ್ತಿತ್ತು. ಉಪನಯನಕ್ಕೆ ಮುಂಚೆ ಮಗು ಬೇಕಾದ್ದನ್ನು ತಿನ್ನಬಹುದು, ಬೇಕಾದಂತೆ ಮಾತಾಡಬಹುದು ಎಂದು ಗೌತಮ ಧರ್ಮಸೂತ್ರ ಬಿಟ್ಟುಕೊಡುತ್ತದೆ. ಮಡಿಯ ಲೆಕ್ಕದಲ್ಲಿ ಕೂಸಿಗೆ ವಿನಾಯಿತಿ ಹೆಚ್ಚು. ರೋಗಾಣುವಿನ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟುನಿಟ್ಟು ಬೇಕಾದದ್ದೂ ಅದಕ್ಕೇ. ಆದ್ದರಿಂದ ಬಾಟಲಿ ಕುದಿಸುವ ಕರ್ತವ್ಯಕ್ಕೆ ಶುದ್ಧಿಯ ಪರಂಪರೆಯಲ್ಲಿ ಆಧಾರ ಹುಡುಕಿದರೆ ಹೆಚ್ಚೇನೂ ಸಿಗದು. ಬೇರೆ ಕಡೆ ನೋಡಬೇಕು.

ಶುದ್ಧಿಯ ಯೋಚನೆಯಿಂದ ಇನ್ನೊಂದು ತೊಂದರೆಯೂ ಉಂಟು. ಒಂದು ವಿಧಿ ಮುಗಿದೊಡನೆ ವಸ್ತು ಶುದ್ಧವಾಯಿತು, ಮುಂದೆ ಯಾರಾದರೂ ಮುಟ್ಟಿ ಕೆಡಿಸುವವರೆಗೆ ಅದು ಹಾಗೆಯೇ ಇರುತ್ತದೆ ಎಂಬ ನಂಬಿಕೆ ಅದರೊಳಗಿದೆ. ಹಾಲಿನ ಬಾಟಲಿ ಈ ನಂಬಿಕೆಗೆ ಒಗ್ಗುವುದಿಲ್ಲ. ನಿಪ್ಪಲ್ಲನ್ನು ಹಿಡಿದಿಡುವ ಪ್ಲಾಸ್ಟಿಕ್ ಉಂಗುರವನ್ನು ಬಿಚ್ಚಿ ನೋಡಿದರೆ ಅದರ ಸುರುಳಿಯ ಸಂದಿಯಲ್ಲಿ ಹಾಲಿನ ಬಿಳಿ ಗೆರೆ ಕಾಣುತ್ತದೆ. ನಿಪ್ಪಲ್ಲಿನ ಒಳಮೈಯನ್ನು ಬೆರಳಿನಿಂದ ತಿಕ್ಕಿದರೆ ಜಿಡ್ಡು ಜಾರುತ್ತದೆ. ಹಾಲಿನ ಕೊಬ್ಬು ಮತ್ತು ಪ್ರೋಟೀನಿನ ಈ ಪದರ ಹಾಗೇ ಉಳಿದರೆ ಅದರ ಮರೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ರಕ್ಷಣೆ ಸಿಗುತ್ತದೆ. ಕ್ಲೋರಿನ್ ದ್ರಾವಣದಲ್ಲಿ ನೆನೆಹಾಕುವವರ ಮನೆಯಲ್ಲಂತೂ, ಉಳಿದ ಹಾಲು ಕ್ಲೋರಿನ್ನನ್ನೇ ತಿಂದುಹಾಕಿ ಅದರ ಬಲ ಕುಂದಿಸುತ್ತದೆ. ಬಿಚ್ಚಿ, ಬ್ರಷ್ ಹಾಕಿ ತಿಕ್ಕಿ ತೊಳೆಯದೆ ಕುದಿಸಿದ್ದು ಅರ್ಧ ಕೆಲಸ.

ಕುದಿಸಿದ ಮೇಲೂ ಮಾತು ಮುಗಿಯುವುದಿಲ್ಲ. ಡಬ್ಬಿಯಲ್ಲಿ ಬರುವ ಶಿಶುಹಾಲಿನ ಪುಡಿ ಸ್ವತಃ ರೋಗಾಣುರಹಿತವಲ್ಲ. ಕ್ರೊನೊಬ್ಯಾಕ್ಟರ್, ಸಾಲ್ಮೊನೆಲ್ಲಾ ಅದರಲ್ಲಿ ಇರುವ ಸಾಧ್ಯತೆಯಿದೆ. ಕ್ರೊನೊಬ್ಯಾಕ್ಟರ್ ಸೋಂಕು ಅಪರೂಪದ್ದಾದರೂ ನವಜಾತ ಶಿಶುಗಳಲ್ಲಿ ಮೆದುಳಿನ ಪೊರೆಯ ಉರಿಯೂತಕ್ಕೆ ಕಾರಣವಾಗಿ ಪ್ರಾಣವನ್ನೇ ತೆಗೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ಸೇರಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕಾರಣಕ್ಕೇ ಪುಡಿಯನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆರಿಸಿ ಕೊಡಬೇಕೆನ್ನುತ್ತದೆ. ಎರಡು ಗಂಟೆಯೊಳಗೆ ಕುಡಿಸಲಾಗದ್ದನ್ನು ಚೆಲ್ಲಬೇಕೆನ್ನುತ್ತದೆ. ಬಾಟಲಿಯನ್ನು ಹತ್ತು ನಿಮಿಷ ಕುದಿಸಿ, ಉಗುರುಬೆಚ್ಚನೆಯ ನೀರಿಗೆ ಪುಡಿ ಹಾಕಿ, ಕೂಸು ಅರ್ಧ ಕುಡಿದು ಮಲಗಿತೆಂದು ಉಳಿದದ್ದನ್ನು ಮಧ್ಯಾಹ್ನಕ್ಕೆ ಎತ್ತಿಡುವ ಮನೆಯಲ್ಲಿ ವಿಧಿ ನಡೆದಿದೆ, ರಕ್ಷಣೆ ನಡೆದಿಲ್ಲ. ಬಾಟಲಿಯನ್ನು ಕುದಿಸಿದ್ದೇವೆ ಎಂಬ ಸಮಾಧಾನವೇ ಅಲ್ಲಿ ಮುಂದಿನ ಅಜಾಗರೂಕತೆಗೆ ದಾರಿ ಮಾಡಿಕೊಡುತ್ತದೆ.

ಕುದಿಸುವುದೆಂದರೆ ಕೊಲ್ಲುವುದೂ ಹೌದು. ಜೈನ ಧರ್ಮ ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಂಭೀರವಾಗಿ ಎದುರಿಸಿದೆ. ನೀರನ್ನೇ ದೇಹವಾಗಿಸಿಕೊಂಡ ಜೀವಗಳಿವೆ, ಕಣ್ಣಿಗೆ ಕಾಣದ ನಿಗೋದ ಜೀವಗಳಿವೆ ಎಂದು ನಂಬುವ ಈ ಧರ್ಮದಲ್ಲಿ ನೀರು ಸೋಸುವುದು ವ್ರತಕ್ಕೆ ಸಮಾನ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ, ಅದೇ ಕೆರೆಗೆ ಮೆಲ್ಲಗೆ ಹಿಂದಿರುಗಿಸುವ ಪದ್ಧತಿಯೂ ಇದೆ. ಹೀಗಿರುವಲ್ಲಿ ಬಾಟಲಿ ಕುದಿಸುವ ಗೃಹಿಣಿ ಹಿಂಸೆ ಮಾಡಿದಂತಾಯಿತೇ? ಜೈನ ಆಚಾರಶಾಸ್ತ್ರ ಗೃಹಸ್ಥರ ಹಿಂಸೆಯನ್ನು ವಿಂಗಡಿಸಿ ನೋಡುತ್ತದೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆ ಗೃಹಸ್ಥರಿಗೂ ವರ್ಜ್ಯ. ಅಡುಗೆ, ನೀರು, ಮನೆ ಶುಚಿಗಳಲ್ಲಿ ತಪ್ಪಿಸಲಾಗದೆ ಆಗುವ ಆರಂಭಿ ಹಿಂಸೆಯನ್ನು ಅವರು ಆದಷ್ಟು ಕಡಿಮೆ ಮಾಡಬೇಕು, ಪೂರ್ತಿ ಬಿಡಲಾರರು. ಬಾಟಲಿಯ ಕುದಿತ ಸೇರುವುದು ಈ ಎರಡನೆಯದಕ್ಕೆ.

ಇದಕ್ಕಿಂತ ಆಳವಾದದ್ದು ಹಿಂಸೆಯ ವ್ಯಾಖ್ಯೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ, ಪ್ರಮಾದದಿಂದ ಪ್ರಾಣಕ್ಕೆ ಹಾನಿಮಾಡುವುದು ಹಿಂಸೆ ಎನ್ನುತ್ತದೆ. ಪ್ರಮಾದ ಎಂದರೆ ಎಚ್ಚರಗೇಡಿತನ. ಕುಂದಕುಂದಾಚಾರ್ಯರ ಪ್ರವಚನಸಾರ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆ ತಪ್ಪಿದ್ದಲ್ಲ, ಎಚ್ಚರದಿಂದ ನಡೆದವನನ್ನು ಕೇವಲ ಒಂದು ಸಾವು ಬಂಧಿಸುವುದಿಲ್ಲ. ಹಾಲುಣಿಸುವವರ ಧರ್ಮಕ್ಕೆ ಇಷ್ಟು ನೇರವಾಗಿ ಹೊಂದುವ ಮಾತು ಬೇರೆ ಕಡೆ ಸಿಗುವುದು ಕಷ್ಟ.

ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗಲ್ ಇದೇ ಜಾಗಕ್ಕೆ ಇನ್ನೊಂದು ದಿಕ್ಕಿನಿಂದ ಬರುತ್ತಾರೆ. ಕೂಸನ್ನು ಸ್ನಾನದ ತೊಟ್ಟಿಯಲ್ಲಿ ಬಿಟ್ಟು, ನಲ್ಲಿ ನಿಲ್ಲಿಸದೆ ಹೋದವರು ನೆನಪಾಗಿ ಮೆಟ್ಟಿಲೇರಿ ಓಡುವ ಉದಾಹರಣೆಯನ್ನು ಅವರು ‘ನೈತಿಕ ಅದೃಷ್ಟ’ದ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಕೂಸು ಮುಳುಗಿದ್ದರೆ ಘೋರವಾದದ್ದು ನಡೆದಿರುತ್ತದೆ. ಉಳಿದಿದ್ದರೆ ಬರೀ ಅಜಾಗರೂಕತೆ. ಮಾಡಿದ ಕೆಲಸ ಒಂದೇ, ತೀರ್ಪು ಎರಡು. ಜನ ನಿಜವಾಗಿಯೂ ತೀರ್ಪು ಕೊಡುವುದು ಹೀಗೆಯೇ ಎಂದು ನೇಗಲ್ ತೋರಿಸುತ್ತಾರೆ. ಕುಂದಕುಂದರ ನಿಲುವಿನಲ್ಲಿ ಅದೃಷ್ಟಕ್ಕೆ ಈ ಪಾಲಿಲ್ಲ. ಇಲ್ಲಿ ಕುಂದಕುಂದರ ಕಡೆಗೇ ವಾಲಬೇಕಾಗುತ್ತದೆ. ಬಾಟಲಿ ಸರಿಯಾಗಿ ತೊಳೆಯದ ಮನೆಯ ಮಗುವೂ ಎಷ್ಟೋ ಸಲ ಆರೋಗ್ಯವಾಗಿರುತ್ತದೆ. ಎಲ್ಲ ಎಚ್ಚರ ವಹಿಸಿದ ಮನೆಯ ಮಗುವಿಗೂ ಒಮ್ಮೊಮ್ಮೆ ವಾಂತಿಭೇದಿ ಆಗುತ್ತದೆ. ಫಲ ನೋಡಿ ತಾಯಿಯನ್ನು ದೂರುವ ಬಂಧುಬಳಗ ಎರಡೂ ಕಡೆ ಅನ್ಯಾಯ ಮಾಡುತ್ತದೆ.

‘ನಮ್ಮಜ್ಜಿ ಏನು ಕುದಿಸುತ್ತಿದ್ದಳು? ನಾವೆಲ್ಲ ಬೆಳೆಯಲಿಲ್ಲವೇ?’ ಎಂಬ ಮಾತಿನ ದೋಷವೂ ಇದೇ. ಕೇಳುತ್ತಿರುವವರು ಬದುಕಿ ಉಳಿದವರು. ಉಳಿಯದ ಕೂಸುಗಳು ಸಾಕ್ಷಿ ಹೇಳಲು ಬರುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 200 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅದಕ್ಕೆ ಕಾರಣಗಳು ಹಲವು, ಮಲಿನ ನೀರು ಮತ್ತು ಹಾಲು ಅವುಗಳಲ್ಲಿ ಸೇರಿವೆ. ಬಾಟಲಿ ಮೊದಲು ಮನೆಮಾತಾದ ಯುರೋಪಿನ ಅನುಭವ ಇನ್ನೂ ಸ್ಪಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜಿನ ಬಾಟಲಿಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿ ಮಾರುತ್ತಿದ್ದರು. ಕೂಸು ಮಲಗಿದಲ್ಲೇ ತಾನಾಗಿ ಹೀರಿಕೊಳ್ಳುತ್ತಿತ್ತು, ತಾಯಿಗೆ ಕೈ ಬಿಡುವಾಗುತ್ತಿತ್ತು. ಕೊಳವೆಯ ಒಳಗೆ ಮಾತ್ರ ಯಾವ ಬ್ರಷ್ಷೂ ಇಳಿಯುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಕೊಲೆಗಡುಕ ಬಾಟಲಿ ಎಂಬ ಹೆಸರೇ ಬಿತ್ತು. ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ಕೊಳವೆಯ ಬಾಟಲಿಯನ್ನು ನಿಷೇಧಿಸಿತು.

ಎದುರು ಪಕ್ಷದ ವಾದವನ್ನೂ ತಳ್ಳಿಹಾಕುವಂತಿಲ್ಲ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಂಶೋಧಕರು, ಅಣ್ಣಅಕ್ಕಂದಿರು ಹೆಚ್ಚಿರುವ ಮಕ್ಕಳಲ್ಲಿ ಅಲರ್ಜಿಯ ನೆಗಡಿ ಕಡಿಮೆ ಎಂಬುದನ್ನು ಗುರುತಿಸಿ, ಚಿಕ್ಕಂದಿನ ಸೋಂಕುಗಳೇ ಕಾಪಾಡುತ್ತಿರಬಹುದು ಎಂದು ಊಹಿಸಿದರು. 2013ರಲ್ಲಿ ಸ್ವೀಡನ್ನಿನ 184 ಶಿಶುಗಳ ಅಧ್ಯಯನವೊಂದು, ಮಗುವಿನ ಚೀಪುನಿಪ್ಪಲ್ಲನ್ನು ತಮ್ಮ ಬಾಯಲ್ಲೇ ಚೀಪಿ ಸ್ವಚ್ಛಮಾಡಿ ಕೊಡುವ ತಂದೆತಾಯಿಯರ ಮಕ್ಕಳಲ್ಲಿ ಎಕ್ಸಿಮಾ ಕಡಿಮೆ ಕಂಡಿತು ಎಂದು ವರದಿ ಮಾಡಿತು. ತಾಯಿಯ ಎದೆಹಾಲೂ ಬ್ಯಾಕ್ಟೀರಿಯಾಗಳಿಂದ ಮುಕ್ತವಲ್ಲ. ಕೂಸಿಗೆ ಜೀರ್ಣವಾಗದ, ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮಾತ್ರ ಆಹಾರವಾಗುವ ಸಕ್ಕರೆಗಳೂ ಅದರಲ್ಲಿವೆ. ಸೂಕ್ಷ್ಮಜೀವಿಯೇ ಇಲ್ಲದ ಶೈಶವ ಯಾರಿಗೂ ಸಾಧ್ಯವಿಲ್ಲ, ಸಾಧ್ಯವಾದರೂ ಬೇಕಾಗಿಲ್ಲ. ಆದರೆ ಇಷ್ಟರಿಂದ ಬಾಟಲಿಯನ್ನು ಕುದಿಸಬೇಡಿ ಎಂಬ ತೀರ್ಮಾನ ಹುಟ್ಟುವುದಿಲ್ಲ. ಅಮ್ಮನ ಚರ್ಮ, ಅಣ್ಣನ ಮುತ್ತು, ಅಂಗಳದ ಮಣ್ಣಿನಿಂದ ಬರುವ ಬ್ಯಾಕ್ಟೀರಿಯಾ ಒಂದು ಬಗೆ. ಬೆಚ್ಚಗಿನ ಹಾಲಿನಲ್ಲಿ ಗಂಟೆಗಟ್ಟಲೆ ಕೊಬ್ಬಿ ಒಮ್ಮೆಲೇ ಹೊಟ್ಟೆಗೆ ಇಳಿಯುವ ಬ್ಯಾಕ್ಟೀರಿಯಾ ಬೇರೆಯೇ ಬಗೆ. ಮೊದಲನೆಯದಕ್ಕೆ ಬಾಗಿಲು ತೆರೆಯಲು ಎರಡನೆಯದನ್ನು ಒಳಗೆ ಕರೆಯಬೇಕಿಲ್ಲ.

ಕುದಿಸುವುದಕ್ಕೂ ಬೆಲೆಯಿದೆ. ಪಾಲಿಪ್ರಾಪಿಲಿನ್ ಬಾಟಲಿಗಳಿಗೆ ಬಿಸಿನೀರು ತಾಗಿದಾಗ ಮೈಕ್ರೊಪ್ಲಾಸ್ಟಿಕ್ ಕಣಗಳು ಅಪಾರವಾಗಿ ಬಿಡುಗಡೆಯಾಗುತ್ತವೆ ಎಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ತೋರಿಸಿದರು. ಅದರಿಂದ ಆಗುವ ಹಾನಿಯ ಲೆಕ್ಕ ಇನ್ನೂ ಸ್ಥಿರವಾಗಿಲ್ಲ; ವಾಂತಿಭೇದಿಯ ಹಾನಿ ಗೊತ್ತಿರುವಂಥದ್ದು. ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಈ ಇಕ್ಕಟ್ಟು ಇಲ್ಲ. ಗ್ಯಾಸ್, ನೀರು, ಸಮಯ ಎಲ್ಲವೂ ಖರ್ಚಾಗುತ್ತವೆ, ಮತ್ತು ಈ ಖರ್ಚು ಬಹುಪಾಲು ಬೀಳುವುದು ನಿದ್ದೆಗೆಟ್ಟ ಬಾಣಂತಿಯ ಮೇಲೆ. ಮಾಡಲಾಗದ್ದನ್ನು ಕರ್ತವ್ಯವೆಂದು ಹೇರುವಂತಿಲ್ಲ ಎಂಬುದು ನೀತಿಶಾಸ್ತ್ರದ ಹಳೆಯ ತತ್ತ್ವ. ಬೀದಿ ನಲ್ಲಿಯ ನೀರು, ಒಂದೇ ಬಾಟಲಿ, ತಿಂಗಳ ಕೊನೆಗೆ ಖಾಲಿಯಾಗುವ ಸಿಲಿಂಡರ್ ಇರುವ ಮನೆಗೆ ದಿನಕ್ಕೆ ಎಂಟು ಸಲ ಕುದಿಸಿ ಎಂದು ಹೇಳಿ ಎದ್ದುಹೋಗುವ ಸಲಹೆಗಾರರು ಎಚ್ಚರದ ಹೊರೆಯನ್ನು ಹಂಚಿಕೊಂಡಂತಾಗುವುದಿಲ್ಲ. ಆ ಮನೆಯ ಗಂಡಸರಿಗೂ ಈ ಮಾತು ಸಲ್ಲುತ್ತದೆ.

ಭಾರತದಲ್ಲಿ ಈ ಪ್ರಶ್ನೆಗೆ ಮೂರನೆಯ ಉತ್ತರವೊಂದಿದೆ: ಬಾಟಲಿಯನ್ನೇ ಬಿಡುವುದು. 1992ರ ಶಿಶುಹಾಲು ಬದಲಿಗಳ ಕಾಯ್ದೆ ಬಾಟಲಿ ಮತ್ತು ಪುಡಿಹಾಲಿನ ಜಾಹೀರಾತನ್ನು ತಡೆಯಿತು. ಎದೆಹಾಲು ಸಾಲದ, ಅಥವಾ ಎದೆಗೆ ಬಾಯಿ ಹಚ್ಚಲಾರದ ಕೂಸಿಗೆ ಒಳಲೆಯೋ ಬಟ್ಟಲು ಚಮಚವೋ ಸಾಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಒಳಲೆಯಂಥದೇ ಪಾತ್ರೆ ದಿನಬಳಕೆಯಲ್ಲಿದೆ. ಒಳಲೆಯ ಬಾಯಿ ಅಗಲ, ಮೂತಿ ಗಿಡ್ಡ ಮತ್ತು ತೆರೆದದ್ದು. ಬೆರಳಿಗೆ ಎಟುಕದ ಮೂಲೆಯಿಲ್ಲ. ಅದನ್ನೂ ಕುದಿಸಬೇಕು, ಆದರೆ ಬೇಳೆ ಬೇಯುವ ಕುಕ್ಕರಿನ ಪಕ್ಕದ ಸಣ್ಣ ಪಾತ್ರೆಯಲ್ಲಿ ಅದು ಆಗಿಹೋಗುತ್ತದೆ. ಬಾಟಲಿಯ ಶುಚಿಗೆ ಅನುಕೂಲವಿಲ್ಲದ ಮನೆಗೆ ಇದು ಎರಡನೆಯ ದರ್ಜೆಯ ಆಯ್ಕೆಯಲ್ಲ, ಹೆಚ್ಚು ವಿವೇಕದ ಆಯ್ಕೆ.

ಎಲ್ಲಿಗೆ ನಿಲ್ಲಿಸಬೇಕು ಎಂಬುದೂ ತೀರ್ಮಾನದ ಭಾಗ. ಮೊದಲ ಎರಡು ಮೂರು ತಿಂಗಳು ಕಟ್ಟುನಿಟ್ಟಾಗಿರುವುದಕ್ಕೆ ಎದುರು ನಿಲ್ಲುವ ಗಟ್ಟಿ ವಾದ ಯಾವುದೂ ಇಲ್ಲ. ಆರನೆಯ ತಿಂಗಳ ಹೊತ್ತಿಗೆ ಅನ್ನಪ್ರಾಶನವಾಗಿ, ಮಗು ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕಿಕೊಳ್ಳತೊಡಗಿದ ಮೇಲೆ, ರಾಗಿಸರಿಯ ಬಟ್ಟಲು ಚಮಚಗಳನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಾಟಲಿ ಮತ್ತು ನಿಪ್ಪಲ್ಲಿಗೆ ಈ ಸಡಿಲಿಕೆ ಕೊನೆಗೆ ಬರಬೇಕು, ಏಕೆಂದರೆ ಜಿಡ್ಡು ಅಡಗುವ ಸಂದಿ ಇರುವುದು ಅಲ್ಲೇ. ನೀರಿನ ಮೇಲೆ ನಂಬಿಕೆಯಿಲ್ಲದ ಊರುಗಳಲ್ಲಿ ವರ್ಷ ತುಂಬುವವರೆಗೆ ಕುದಿಸುವುದೇ ಸರಿ. ತೂಕ ಕಡಿಮೆಯಿದ್ದು ಹುಟ್ಟಿದ ಮಗು, ಕಾಯಿಲೆಯಿಂದ ಎದ್ದ ಮಗುವಿನ ಲೆಕ್ಕ ತಿಂಗಳುಗಳಲ್ಲಿ ನಡೆಯುವುದಿಲ್ಲ. ಅದನ್ನು ಆ ಮಗುವನ್ನು ನೋಡಿದ ವೈದ್ಯರೇ ಹೇಳಬೇಕು.