ಬೀಗ ಮಾಡುತ್ತಿದ್ದ ಪಂಡಿತ

ಸಾವಿರ ವರ್ಷದ ಹಿಂದೆ ಖುರಾಸಾನದ ಮರ್ವ್ ಪಟ್ಟಣದಲ್ಲಿ ಬೀಗ ಮಾಡುವವರೊಬ್ಬರಿದ್ದರು. ಸುಮಾರು ಮೂವತ್ತರ ವಯಸ್ಸಿನವರೆಗೂ ಅವರದು ಅದೇ ಕಸುಬು. ಕೆಲವೇ ಕಾಳಿನ ತೂಕದ ಬೀಗವನ್ನು ಕೀಲಿ ಸಮೇತ ಮಾಡಿದ್ದರೆಂದು ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಆಮೇಲೆ ಓದಿಗೆ ಕೂತ ಆ ಕುಶಲಕರ್ಮಿ ಶಾಫಿ ಪಂಥದ ದೊಡ್ಡ ಧರ್ಮಶಾಸ್ತ್ರಜ್ಞರಾದರು. 1026ರಲ್ಲಿ ತೀರಿಕೊಂಡ ಅವರು ಇಂದಿಗೂ ಅಲ್-ಕಫ್ಫಾಲ್, ಬೀಗದವರು, ಎಂದೇ ಹೆಸರಾಗಿದ್ದಾರೆ. ವಕ್ಫ್ ಕಾನೂನಿನ ಬಗ್ಗೆ ಬರೆದ ಅಲ್-ಖಸ್ಸಾಫ್ ಚಪ್ಪಲಿ ಹೊಲಿದು ಉಂಡವರು. ಇಮಾಮ್ ಅಬೂ ಹನೀಫಾ ರೇಷ್ಮೆ ಬಟ್ಟೆಯ ವ್ಯಾಪಾರಿ.

ಇವರನ್ನೆಲ್ಲ ಈಗ ನೆನೆಯಲು ಕಾರಣವಿದೆ. ಮದ್ರಸಾದ ಓದಿನ ಜೊತೆ ಕೈಕಸುಬು, ವ್ಯಾಯಾಮ ಸೇರಬೇಕೆ ಎಂಬ ಮಾತು ಬಂದಾಗೆಲ್ಲ ಅದನ್ನು ಹೊಸ ಕಾಲದ ಒತ್ತಾಯವೆಂಬಂತೆ ಚರ್ಚಿಸುತ್ತಾರೆ. ಧರ್ಮ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ ಎಂದು ಮೊದಲೇ ಬೇರೆ ಮಾಡಿಟ್ಟು ಆಮೇಲೆ ಎರಡನ್ನೂ ಹೊಂದಿಸಲು ಹೆಣಗುತ್ತಾರೆ. ಇಸ್ಲಾಮಿನ ಒಳಗಿನಿಂದಲೇ ನೋಡಿದರೆ ಆ ಗೋಡೆ ಅಷ್ಟು ಗಟ್ಟಿಯಲ್ಲ. 1111ರಲ್ಲಿ ನಿಧನರಾದ ಇಮಾಮ್ ಗಜಾಲಿ ವೈದ್ಯ, ಲೆಕ್ಕ, ಬೇಸಾಯ, ನೇಯ್ಗೆಗಳನ್ನು ಫರ್ಝ್ ಕಿಫಾಯಾ ಎಂಬ ವರ್ಗಕ್ಕೆ ಸೇರಿಸಿದರು. ಸಮುದಾಯದಲ್ಲಿ ಸಾಕಷ್ಟು ಜನ ಅವನ್ನು ಕಲಿತರೆ ಉಳಿದವರ ಹೊಣೆ ಇಳಿಯುತ್ತದೆ. ಯಾರೂ ಕಲಿಯದಿದ್ದರೆ ತಪ್ಪು ಎಲ್ಲರ ತಲೆಗೆ. ಊರಿಗೆ ಒಬ್ಬ ಮುಸ್ಲಿಂ ವೈದ್ಯನಿಲ್ಲದಿದ್ದರೂ ಎಲ್ಲರೂ ಧರ್ಮಶಾಸ್ತ್ರದ ವಾದಕ್ಕೇ ಮುಗಿಬೀಳುತ್ತಾರೆಂದು ಅವರು ನೊಂದು ಬರೆದರು.

ದೇಹದ ಮಾತೂ ಹೀಗೆಯೇ. ದಿನದ ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ ರಕಅತ್ ಎಂಬ ಸುತ್ತುಗಳು ಹದಿನೇಳು. ಅಂದರೆ ಹದಿನೇಳು ಸಲ ನಡು ಬಾಗಬೇಕು, ಮೂವತ್ತನಾಲ್ಕು ಸಲ ಹಣೆ ನೆಲ ಮುಟ್ಟಬೇಕು. ಬಲಹೀನನಿಗಿಂತ ಬಲಶಾಲಿ ವಿಶ್ವಾಸಿ ದೇವರಿಗೆ ಹೆಚ್ಚು ಪ್ರಿಯ, ಇಬ್ಬರಲ್ಲೂ ಒಳಿತಿದೆ ಎಂಬರ್ಥದ ಪ್ರವಾದಿ ವಚನ ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿಯವರ ಜೊತೆ ಓಟಕ್ಕೆ ನಿಂತು ಒಮ್ಮೆ ಗೆದ್ದು ಇನ್ನೊಮ್ಮೆ ಸೋತದ್ದನ್ನು ಅವರ ಪತ್ನಿ ಆಯಿಷಾ ತಾವೇ ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಆಟವೇಕೆ ಎನ್ನುವವರು ಈ ಪ್ರಸಂಗವನ್ನು ದಾಟಿ ಹೋಗುವುದು ಸರಿಯಲ್ಲ.

ಧರ್ಮ, ಕಸುಬು ಜೊತೆಗಿದ್ದ ಉದಾಹರಣೆ ಹತ್ತಿರದಲ್ಲೂ ಇದೆ. ಮಂಡ್ಯದ ಕಡೆಯವರಿಗೆ ಶ್ರೀರಂಗಪಟ್ಟಣ ದೂರವೇನಲ್ಲ. ಅಲ್ಲಿ ಟಿಪ್ಪು ಕಟ್ಟಿಸಿದ ಜಾಮಿಯಾ ಮಸೀದಿಯಿದೆ. ಅದೇ ಪಟ್ಟಣದಲ್ಲಿ ಆ ಕಾಲದ ಕಾರ್ಖಾನೆಗಳೂ ಇದ್ದವು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿನ ಗಳಕ್ಕೆ ಬಿಗಿಯುತ್ತಿದ್ದ ರಾಕೆಟ್ಟುಗಳನ್ನು ಬ್ರಿಟಿಷರು ವೂಲ್‌ವಿಚ್‌ಗೆ ಒಯ್ದು ಅಭ್ಯಸಿಸಿದರು. ಟಿಪ್ಪುವಿನ ಗ್ರಂಥಾಲಯದ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದಾಗ ಕುರಾನ್ ವ್ಯಾಖ್ಯಾನ, ಸೂಫಿ ಗ್ರಂಥಗಳ ಜೊತೆ ಗಣಿತ, ಖಗೋಳ, ವೈದ್ಯದ ಪುಸ್ತಕಗಳೂ ಅದರಲ್ಲಿದ್ದವು. ಆದರೂ ಈ ಮಾದರಿಯನ್ನು ಹಾಗೇ ಎತ್ತಿಕೊಳ್ಳಲಾಗದು. ಅಲ್ಲಿ ಕೌಶಲ ಬೆಳೆದದ್ದು ಬಹುಮಟ್ಟಿಗೆ ಯುದ್ಧದ ಅಗತ್ಯಕ್ಕೆ, ದೊರೆಯ ಅಪ್ಪಣೆಗೆ.

ಇದಕ್ಕಿಂತ ಒಳ್ಳೆಯ ಪಾಠ ಮದ್ದೂರು ದಾಟಿದರೆ ಸಿಗುವ ಚನ್ನಪಟ್ಟಣದಲ್ಲಿದೆ. ಆಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಗರಿ ಒತ್ತಿ ತೀಡಿದರೆ ಹೊಳಪು. ಒತ್ತಡ ಹೆಚ್ಚಾದರೆ ಬಣ್ಣ ಗಂಟುಕಟ್ಟುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಎಷ್ಟು ಒತ್ತಬೇಕೆಂದು ಯಾವ ಪುಸ್ತಕವೂ ಹೇಳದು. ಹುಡುಗ ಪಕ್ಕದಲ್ಲಿ ಕೂತು ಕೈ ಕೆಡಿಸಿಕೊಂಡೇ ಕಲಿಯಬೇಕು. ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ಇವೆ.

ಕುರಾನ್ ಕಂಠಪಾಠ ಮಾಡುವ ಹಿಫ್ಝ್ ತರಗತಿಯಲ್ಲಿ ನಡೆಯುವುದೂ ಇದೇ ಬಗೆಯ ಕಲಿಕೆ. ಹುಡುಗ ದಿನವೂ ಹೊಸ ಸಬಕ್, ಅಂದರೆ ಪಾಠ, ಒಪ್ಪಿಸುತ್ತಾನೆ, ಹಳೆಯದನ್ನು ಮತ್ತೆ ಮತ್ತೆ ತಿರುವುತ್ತಾನೆ. ಯಾವ ಅಕ್ಷರ ಗಂಟಲಿನ ಆಳದಿಂದ, ಯಾವುದು ನಾಲಿಗೆಯ ಅಂಚಿನಿಂದ ಬರಬೇಕೆಂದು ಉಸ್ತಾದ್ ಬಾಯಿಂದ ಬಾಯಿಗೆ ತಿದ್ದುತ್ತಾರೆ. ಗುರುವಿನ ಎದುರು ಕೂತು, ಮೈಯಿಂದ ಕಲಿಯುವ ಶಿಸ್ತು ಮದ್ರಸಾಕ್ಕೆ ಹೊರಗಿನಿಂದ ಬರಬೇಕಾಗಿಲ್ಲ. ಮೂವತ್ತು ಭಾಗಗಳ ಕುರಾನನ್ನು ಕಂಠಸ್ಥ ಮಾಡಿದ ಹುಡುಗನಿಗೆ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿಯುವ ತಾಳ್ಮೆ ಇಲ್ಲವೆಂದು ಹೇಳಲು ಬಾಯಿ ಬರುವುದಾದರೂ ಹೇಗೆ?

ಬೀದರಿನ ಶಾಹೀನ್ ಸಂಸ್ಥೆ ಈ ಶಕ್ತಿಯನ್ನು ಗುರುತಿಸಿದೆ. 1989ರಲ್ಲಿ ಅಬ್ದುಲ್ ಖದೀರ್ ಆರಂಭಿಸಿದ ಅದು ಹೀಗೆ ಕುರಾನ್ ಕಂಠಸ್ಥ ಮಾಡಿದ ಹಾಫಿಝ್‌ಗಳಿಗೆ ಗಣಿತ, ವಿಜ್ಞಾನ ಕಲಿಸಿ ವೈದ್ಯಕೀಯ ಪ್ರವೇಶ ಪರೀಕ್ಷೆಯವರೆಗೆ ತಯಾರು ಮಾಡುತ್ತಿದೆ. ದೊಡ್ಡ ಕೆಲಸವೇ. ಆದರೆ ಎಲ್ಲರೂ ಡಾಕ್ಟರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಹಿಫ್ಝ್‌ಗೆ ಇಡೀ ದಿನ ಬೇಕು, ಮನಸ್ಸು ಹರಿದು ಹಂಚಿಹೋದರೆ ಕಂಠಪಾಠ ನಿಲ್ಲದು ಎಂಬ ಉಲೇಮಾಗಳ ಆತಂಕ ನಿಜವಾದದ್ದು. ಇಳಿಹೊತ್ತಿನ ಅಸರ್ ನಮಾಜಿನ ನಂತರದ ಬಿಡುವಿನಲ್ಲಿ ಆಟ, ಹಿಫ್ಝ್ ಮುಗಿದ ಮೇಲೆ ಕಸುಬು ಎಂದು ಹಂಚಿಕೊಂಡರೆ ಆ ಆತಂಕಕ್ಕೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಕಾಗದದ್ದು: ಐಟಿಐನ ಬಹುಪಾಲು ತರಬೇತಿಗಳಿಗೆ ಹತ್ತನೇ ತರಗತಿ ಪಾಸಾಗಿರಬೇಕು. ನಡುವೆ ಶಾಲೆ ಬಿಟ್ಟ ಹುಡುಗನಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಆ ಪರೀಕ್ಷೆ ಕಟ್ಟಿಸಿ ಮಂಡ್ಯದ ಐಟಿಐ ಬಾಗಿಲಿಗೆ ಕರೆದೊಯ್ಯುವ ಹೊಣೆಯನ್ನು ಮಸೀದಿ ಸಮಿತಿಗಳು ಹೊತ್ತುಕೊಳ್ಳಬಹುದು, ಗಜಾಲಿ ಹೇಳಿದ ಅದೇ ಫರ್ಝ್ ಕಿಫಾಯಾದ ಲೆಕ್ಕದಲ್ಲಿ.