‘ಮುಂದೇನಾತು ಹೇಳವ್ವ’

ಕಮಲಾಪುರ ತಾಲ್ಲೂಕಿನ ಯಾವುದೋ ಊರಿನಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ದೂರು ಬಂತು ಎನ್ನಿ. ಆ ಮಗು ನಡೆದದ್ದನ್ನು ಎಷ್ಟು ಮಂದಿಗೆ ಹೇಳಬೇಕು? ಮೊದಲು ಅವ್ವನಿಗೆ, ಆಮೇಲೆ ಪೊಲೀಸರಿಗೆ. ಬಸ್ಸು ಹಿಡಿದು ಕಲಬುರಗಿಗೆ ಬಂದರೆ ವೈದ್ಯೆಗೆ, ಮ್ಯಾಜಿಸ್ಟ್ರೇಟರಿಗೆ, ಕೆಲವು ಪ್ರಕರಣಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿಗೆ. ಕೊನೆಗೆ ವಿಶೇಷ ನ್ಯಾಯಾಲಯಕ್ಕೆ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಗೆ ಈ ಕಷ್ಟದ ಅರಿವಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಹೋಗಬೇಕು, ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಾಗಿರಬಾರದು, ಸಮವಸ್ತ್ರ ತೊಟ್ಟಿರಬಾರದು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು ಆಡುವ ನಮ್ಮ ಭಾಗದ ಮಕ್ಕಳಿಗೆ ದುಭಾಷಿಯ ನೆರವಿಗೂ ಅದರಲ್ಲಿ ಅವಕಾಶವಿದೆ. ಆದರೆ ಎದುರು ಕೂತ ಮೇಲೆ ಕೇಳಬೇಕಾದ ಮಾತು ಯಾವುದು ಎಂಬುದನ್ನು ಯಾವ ಕಲಮೂ ಬರೆದುಕೊಡಲಾರದು.

“ಮಾಮಾ ಮುಟ್ಟಿದನಾ?” ಎಂದರೆ ಹೆದರಿದ ಮಗು ಹೂಂ ಅಂದುಬಿಡಬಹುದು. ಅದನ್ನೇ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪಾಯಿತೇನೋ ಎಂದು ಊಹೂಂ ಅನ್ನಬಹುದು. “ಅಲ್ಲಿಗ್ಯಾಕ ಹೋಗಿದ್ದಿ?” ಎಂದರಂತೂ ಮುಗಿಯಿತು, ತಪ್ಪು ತನ್ನದೇ ಎಂದು ಬಾಯಿ ಮುಚ್ಚುತ್ತದೆ. ಮುಂದೆ ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಎತ್ತಿ ತೋರಿಸುವುದು ಈ ಗೊಂದಲವನ್ನೇ. ಪಳಗಿದವರು ಮೊದಲು ಊರ ಜಾತ್ರೆಯಲ್ಲಿ ಏನೇನು ನೋಡಿದಿ ಎಂದು ಕೇಳುತ್ತಾರೆ. ಕಂಡದ್ದನ್ನು ಸಾಲಾಗಿ ಹೇಳುವುದು ಮಗುವಿಗೆ ರೂಢಿಯಾಗಲಿ ಎಂದು. “ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ನಾ ತಪ್ಪಿದ್ರ ತಿದ್ದು” ಅನ್ನುತ್ತಾರೆ. ಆಮೇಲೆ “ಮುಂದೇನಾತು ಹೇಳವ್ವ” ಎಂದು ಸುಮ್ಮನೆ ಕೂರುತ್ತಾರೆ. ಆ ಸುಮ್ಮನಿರುವುದೇ ಕಷ್ಟದ ಕೆಲಸ. ದಬಾಯಿಸಿ ಕೇಳುವುದೇ ಅಧಿಕಾರ ಎಂದುಕೊಂಡ ಕಡೆ ಇನ್ನೂ ಕಷ್ಟ.

ಬೆಂಗಳೂರಿನ ನಿಮ್ಹಾನ್ಸ್‌ನ ‘ಸಂವಾದ್’ ತಂಡ ಪೊಲೀಸರಿಗೂ ನ್ಯಾಯಾಧೀಶರಿಗೂ ಹೀಗೆ ಮಕ್ಕಳನ್ನು ಮಾತನಾಡಿಸುವುದನ್ನು ಕಲಿಸುತ್ತಿದೆ, ಒಳ್ಳೆಯದು. ಆದರೆ ಒಂದು ದಿನದ ಉಪನ್ಯಾಸ, ಊಟ, ಪ್ರಮಾಣಪತ್ರದಿಂದ ಕೈಗೆ ಹತ್ತುವ ವಿದ್ಯೆ ಇದಲ್ಲ. ಮಕ್ಕಳ ಹೇಳಿಕೆ ಪಡೆಯಲು ವ್ಯವಸ್ಥಿತ ಕ್ರಮವೊಂದನ್ನು ರೂಪಿಸಿದ ಮನಶ್ಶಾಸ್ತ್ರಜ್ಞ ಮೈಕೆಲ್ ಲ್ಯಾಂಬ್ ಮತ್ತು ಸಂಗಡಿಗರು 2002ರಲ್ಲೇ ಇದನ್ನು ತೋರಿಸಿದ್ದರು: ಚೆನ್ನಾಗಿ ಕಲಿತ ಅಧಿಕಾರಿಗಳೂ, ಕೇಳಿ ತಿದ್ದುವವರು ಇಲ್ಲವಾದ ಕೆಲವೇ ತಿಂಗಳಲ್ಲಿ ಹಳೆಯ ಚಾಳಿಗೆ ಹೊರಳಿದರು. ನಮ್ಮಲ್ಲಿ ಅದರ ಮೇಲೆ ವರ್ಗಾವಣೆ ಬೇರೆ.

ಸಾಧ್ಯವಿದ್ದಲ್ಲಿ ಹೇಳಿಕೆಯ ಧ್ವನಿ, ದೃಶ್ಯ ದಾಖಲಿಸಿಕೊಳ್ಳಿ ಎಂದು ಕಾಯ್ದೆಯೇ ಹೇಳುತ್ತದೆ. ನ್ಯಾಯಾಲಯದ ಅನುಮತಿ ಪಡೆದು, ಮಗುವಿನ ಗುರುತು ಮರೆಮಾಡಿ, ಅನುಭವಿಗಳು ಅದನ್ನು ಆಲಿಸಿ ಕೇಳಿದವರನ್ನು ತಿದ್ದುವಂತಾಗಲಿ. ಅದಾಗದಿದ್ದರೆ ಅಣಕು ವಿಚಾರಣೆಯಾದರೂ ತಿಂಗಳಿಗೊಮ್ಮೆ ನಡೆಯಲಿ. ಇದಕ್ಕೆ ಹೊಸ ಕಾನೂನು ಬೇಡ; ಕಲಬುರಗಿಯ ಜಿಲ್ಲಾಡಳಿತ, ಪೊಲೀಸ್ ಇಲಾಖೆ ಮನಸ್ಸು ಮಾಡಿದರೆ ಬರುವ ತಿಂಗಳಿಂದಲೇ ಶುರು ಮಾಡಬಹುದು.