ಒಳ್ಳೆಯವರೆಂದು ಬರೆದುಕೊಡುವವರು ಯಾರು?

ಕಂಪ್ಲಿ ಕಡೆಯ ಒಬ್ಬ ಹೆಣ್ಣುಮಗಳು ಕುವೈತಿನಲ್ಲಿ ಐದು ವರ್ಷ ನರ್ಸಾಗಿ ದುಡಿದಳು ಅನ್ನಿ. ಈಗ ಕೆನಡಾಕ್ಕೆ ಹೋಗಿ ನೆಲೆಸಬೇಕು. ಓದಿದ ಕಾಗದ ಐತಿ, ದುಡಿದ ಕಾಗದ ಐತಿ, ಮೈ ನೆಟ್ಟಗಿದೆ ಎಂದು ಡಾಕ್ಟರು ಕೊಟ್ಟ ಕಾಗದವೂ ಐತಿ. ಅಷ್ಟಕ್ಕೇ ಮುಗಿಯುವುದಿಲ್ಲ. ಹದಿನೆಂಟು ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ, ಒಂದೇ ಸಮನೆ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಇದ್ದ ಪ್ರತಿ ದೇಶದ ಪೊಲೀಸರಿಂದ ಸರ್ಟಿಫಿಕೇಟು ತರಬೇಕು. ಭಾರತದ್ದನ್ನು ಪಾಸ್‌ಪೋರ್ಟ್ ಕಚೇರಿಯ ಮೂಲಕ ಪಡೆಯಬೇಕು. ಬಿಟ್ಟುಬಂದ ದೇಶದ್ದನ್ನು ಅಲ್ಲಿಯವರ ಕೈಕಾಲು ಹಿಡಿದು ತರಿಸಿಕೊಳ್ಳಬೇಕು. 'ಇವರ ಮೇಲೆ ಯಾವ ಕೇಸೂ ಇಲ್ಲ' ಎಂಬ ಒಂದು ಸಾಲಿಗೆ ಒಂದು ಬದುಕೇ ಕಾದು ನಿಲ್ಲುತ್ತದೆ.

ಇದರಲ್ಲಿ ತಪ್ಪೇನು ಅಂತ ಗೆಳೆಯರು ಕೇಳುತ್ತಾರೆ. ಮನೆಗೆ ಬಾಡಿಗೆಗೆ ಬರುವವನನ್ನೇ ನಾಲ್ಕು ಮಾತು ವಿಚಾರಿಸುತ್ತೇವೆ, ದೇಶಕ್ಕೆ ಬರುವವರನ್ನು ವಿಚಾರಿಸಬಾರದೇ? ನ್ಯಾಯವಾದ ಮಾತು. ಕೊಲೆ ಮಾಡಿ ಓಡಿದವನು ಗಡಿಯಾಚೆ ಮರ್ಯಾದಸ್ಥನಾಗಿ ಬಾಳಲಿ ಅಂತ ನಾವ್ಯಾರೂ ಹೇಳುವುದಿಲ್ಲ. ನಮ್ಮ ಪ್ರಶ್ನೆ ಅದಕ್ಕೂ ಹಿಂದಿನದು. ಮನುಷ್ಯನ ನಡತೆಯನ್ನು ಪೊಲೀಸರ ದಫ್ತರಿನಿಂದ ಓದಿ ತೆಗೆಯಬಹುದೇ? ಹೊಸಪೇಟೆ, ಸಂಡೂರು, ಕಂಪ್ಲಿಯ ನೆಲದಲ್ಲಿ ನಿಂತು ಇದನ್ನು ಕೇಳಲೇಬೇಕಾಗಿದೆ. ಯಾಕೆಂದರೆ ಇಂಥ ಕಾಗದ ನಮ್ಮ ಜನಕ್ಕೆ ಹೊಸದಲ್ಲ.

1947ಕ್ಕೆ ಮೊದಲು ಈ ಸೀಮೆ ಮೂರು ಆಳ್ವಿಕೆಗಳಲ್ಲಿ ಹಂಚಿಹೋಗಿತ್ತು. ಹೊಸಪೇಟೆ, ಹಂಪಿ, ಕಂಪ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಘೋರ್ಪಡೆಯವರ ಸಂಸ್ಥಾನ. ತುಂಗಭದ್ರೆ ದಾಟಿದರೆ ನಿಜಾಮನ ರಾಜ್ಯ. ಕೊರಚ, ಕೊರಮ, ಲಂಬಾಣಿ ಜನ ಈ ಗಡಿಗಳನ್ನು ಲೆಕ್ಕಕ್ಕಿಟ್ಟವರಲ್ಲ. ಕತ್ತೆ ಎತ್ತುಗಳ ಬೆನ್ನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರಿಂದೂರಿಗೆ ನಡೆದವರು. 1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಕಾಡಿಗೆ ಕಾನೂನಿನ ಬೇಲಿ ಬಿತ್ತು. ಹೇರುವ ಕಸುಬು ಹೋಯಿತು, ತಿರುಗುವ ಕಾಲು ಉಳಿಯಿತು. ಕಸುಬು ಕಿತ್ತುಕೊಂಡ ಸರ್ಕಾರವೇ ಆಮೇಲೆ, 'ಯಾಕಲೇ ಸುಮ್ಮನೆ ತಿರುಗ್ತೀ?' ಅಂತ ಕೇಳಿತು. 1892ರಲ್ಲಿ ಮುಲ್ಲಾಲಿ ಎಂಬ ಮದರಾಸಿನ ಪೊಲೀಸ್ ಅಧಿಕಾರಿ ಪ್ರಾಂತ್ಯದ 'ಅಪರಾಧಿ ವರ್ಗ'ಗಳ ಮೇಲೆ ಒಂದು ಪುಸ್ತಕವನ್ನೇ ಬರೆದ.

ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರಲ್ಲಿ ಉತ್ತರ ಭಾರತದಲ್ಲಿ ಹುಟ್ಟಿತು. 1911ರಲ್ಲಿ ಅದರ ಕೈ ಮದರಾಸಿಗೂ ಚಾಚಿತು. ಸರ್ಕಾರ ಒಂದು ಜಾತಿಯನ್ನೇ ಅಪರಾಧಿ ಎಂದು ಸಾರಿಬಿಡಬಹುದಿತ್ತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗೂ ಇರಲಿಲ್ಲ. ಪಟ್ಟಿಗೆ ಸೇರಿದವನು ಬೆರಳಚ್ಚು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸು ಪಡೆಯಬೇಕು. ಮಗಳ ಮದುವೆಗೂ ಪಾಸು, ಸತ್ತವರ ಮಣ್ಣಿಗೂ ಪಾಸು. ಕದ್ದವನೂ ಕದಿಯದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಮದರಾಸು ಇದನ್ನು 1947ರಲ್ಲಿ ರದ್ದು ಮಾಡಿ 1948ರಲ್ಲಿ ರೂಢಿಗತ ಅಪರಾಧಿಗಳ ಕಾಯಿದೆ ತಂದಿತು. ಇಡೀ ದೇಶದಲ್ಲಿ ಕಾಯಿದೆ ಬಿದ್ದುಹೋದದ್ದು 1952ರ ಆಗಸ್ಟ್ 31ರಂದು. ಜಾತಿಯ ಹೆಸರು ಅಳಿಸಿದರು, ದಫ್ತರು ಸುಡಲಿಲ್ಲ.

ಇದೇ ಸಂಡೂರಿನ ಗುಡ್ಡಗಳನ್ನು ನೋಡಿ. 2011ರ ಜುಲೈನಲ್ಲಿ ಲೋಕಾಯುಕ್ತರು ಕೊಟ್ಟ ವರದಿಯನ್ನು ಓದಿದವರಿಗೆ ಗೊತ್ತು, ಪರ್ಮಿಟ್ಟಿಲ್ಲದ ಅದಿರು ಎಷ್ಟು ಲಾರಿಗಳಲ್ಲಿ ರೇವು ಸೇರಿ ಚೀನಾದ ಹಡಗು ಹತ್ತಿತು ಎಂದು. ಆ ತಿಂಗಳೇ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಪಕ್ಕದೂರಿನ ಜಾತ್ರೆಗೆ ಹೋಗಲು ಕೊರಚನಿಗೆ ಪಾಸು ಬೇಕಾಗಿದ್ದ ನೆಲದಿಂದಲೇ ಗುಡ್ಡಕ್ಕೆ ಗುಡ್ಡ ಪಾಸಿಲ್ಲದೆ ಸಮುದ್ರ ದಾಟಿತು. ಲಾರಿಗಳು ಹೋದದ್ದು ಠಾಣೆಗಳ ಮುಂದಿನ ರಸ್ತೆಯಲ್ಲೇ. ಬಹುಕಾಲ ಯಾವ ದಫ್ತರಿನಲ್ಲೂ ಒಂದು ಸಾಲು ಏಳಲಿಲ್ಲ.

ಇದನ್ನು ನೋಡಿದ ಮೇಲೆ ನಮಗನ್ನಿಸುವುದು ಇಷ್ಟು. ಪೊಲೀಸ್ ದಫ್ತರು, ಮೊದಲಾಗಿ, ನೋಡುವವನ ಕಣ್ಣು ಎತ್ತ ತಿರುಗಿತ್ತು ಎನ್ನುವುದಕ್ಕೆ ಸಾಕ್ಷಿ. ಯಾರನ್ನು ದಿನಾ ನೋಡುತ್ತಾರೋ ಅವರ ಹೆಸರು ಅಲ್ಲಿ ತುಂಬುತ್ತದೆ. ಯಾರನ್ನು ನೋಡುವ ಧೈರ್ಯವಿಲ್ಲವೋ ಅವರ ಹಾಳೆ ಬೆಳ್ಳಗಿರುತ್ತದೆ. ಬೆಳ್ಳಗಿನ ಹಾಳೆಯನ್ನೇ ಒಳ್ಳೆಯತನ ಅಂದುಬಿಟ್ಟರೆ, ಬಲವಿದ್ದವನೆಲ್ಲ ಒಳ್ಳೆಯವನಾಗುತ್ತಾನೆ.

ಮತ್ತೆ ಕೊಲ್ಲಿ ದೇಶಗಳಿಗೇ ಬರೋಣ. ಮನೆಗೆಲಸಕ್ಕೆ ಹೋದ ಹೆಂಗಸು ಹೊಡೆತ ತಾಳಲಾರದೆ ಯಜಮಾನನ ಮನೆಯಿಂದ ಓಡುತ್ತಾಳೆ. 'ಪರಾರಿಯಾಗಿದ್ದಾಳೆ' ಅಂತ ದೂರು ಕೊಡುವ ಹಕ್ಕು ಯಜಮಾನನದು. ಹೊಡೆದವನು ಫಿರ್ಯಾದಿ, ಹೊಡೆಸಿಕೊಂಡವಳು ಆರೋಪಿ. ಮುಂದೆ ಇನ್ನೊಂದು ದೇಶ ಇವಳ ನಡತೆಯನ್ನು ಕೇಳುವುದು ಆ ದೂರು ಬರೆದುಕೊಂಡ ಕೈಯನ್ನೇ. ದೂರ ಯಾಕೆ ಹೋಗಬೇಕು? ನಮ್ಮ ಹಳ್ಳಿಗಳಲ್ಲಿ ಹೋಟೆಲಿನ ಲೋಟಕ್ಕೆ, ಗುಡಿಯ ಬಾಗಿಲಿಗೆ ಜಗಳವಾಗುತ್ತದೆ. ಕೇರಿಯ ಹುಡುಗರು ದೂರು ಕೊಟ್ಟ ಬೆನ್ನಿಗೇ ಅವರ ಮೇಲೆ ಪ್ರತಿದೂರು ಬೀಳುತ್ತದೆ. ಹತ್ತು ವರ್ಷದ ಮೇಲೆ ಆ ಹುಡುಗ ನೌಕರಿಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿದಾಗ ಕೇಸಿನ ನಂಬರು ಸಿಗುತ್ತದೆ, ಲೋಟದ ಕತೆ ಸಿಗುವುದಿಲ್ಲ.

ಕೋರ್ಟುಗಳಿಗೂ ಇದು ಈಚೆಗೆ ಕಾಣಿಸಿದೆ. ಹಿಂದುಳಿದ ಜಾತಿ, ಪರಿಶಿಷ್ಟರು ಎಂಬ ಕಾರಣಕ್ಕೇ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯಬಾರದು ಎಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲುಗಳ ಜಾತಿಭೇದದ ನಿಯಮಗಳನ್ನು ತೊಡೆದುಹಾಕಿ, ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದು ಎಂದಿತು. ಕಾಯಿದೆ ಸತ್ತು 72 ವರ್ಷಕ್ಕೆ ಈ ಮಾತು ಹೇಳಬೇಕಾಗಿ ಬಂತು.

ಇನ್ನೊಂದು ಸಂಗತಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯ 1,755 ವಸ್ತುಗಳ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ಸಿಕ್ಕಿತು. ಸಂತೋಷವೇ. ಆದರೆ ಮುಲ್ಲಾಲಿಯ ಪುಸ್ತಕದಲ್ಲಿ ಇದೇ ಜನ ಅಪರಾಧಿ ವರ್ಗ. ಒಂದು ಕಾಗದ ಕಳ್ಳರು ಅಂದಿತು, ಇನ್ನೊಂದು ಕಲಾವಿದರು ಅಂದಿತು. ನೀವು ಯಾರು ಅಂತ ಅವರನ್ನೇ ಕೇಳಿದವರು ಕಡಿಮೆ.

ಬರೀ ಸರ್ಕಾರವನ್ನು ಬೈದು ನಾವು ಪಾರಾಗುವಂತಿಲ್ಲ. ಊರಲ್ಲಿ ಕಳವಾದರೆ ನಮ್ಮ ಬಾಯಿಗೂ ಮೊದಲು ಬರುವುದು ಯಾವ ಕೇರಿಯ ಹೆಸರು? ತೋರಣಗಲ್ಲಿನ ಕಾರ್ಖಾನೆಗೆ ಬಿಹಾರ, ಒಡಿಶಾದಿಂದ ದುಡಿಯಲು ಬಂದವರಿಗೆ ಮನೆ ಕೊಡಲು ನಾವೂ ಹಿಂದೆಮುಂದೆ ನೋಡುತ್ತೇವೆ. 'ಯಾವ ಜನಾನೋ ಏನೋ' ಅಂತ ನಮ್ಮ ನಾಲಗೆಯೇ ಅಂದಿದೆ. ಕೆನಡಾ ನಮ್ಮನ್ನು ಕೇಳಿದಾಗ ಅವಮಾನ, ನಾವು ಬಿಹಾರಿಯನ್ನು ಕೇಳಿದಾಗ ಮುನ್ನೆಚ್ಚರಿಕೆ. ಈ ಎರಡು ತಕ್ಕಡಿಯನ್ನು ಮೊದಲು ನಾವೇ ಮುರಿಯಬೇಕು.

ಹಾಗಾದರೆ ಕಾಗದವೇ ಬೇಡವೇ? ಬೇಕಾದವರು ಕೇಳಲಿ. ಕೇಳಿದ ಮೇಲೆ ಪೂರ್ತಿ ಕೇಳಲಿ: ಕೇಸು ಯಾರು ಹಾಕಿದ್ದು, ಯಾವುದಕ್ಕೆ, ಕೋರ್ಟು ಏನೆಂದಿತು? ಬಿಡುಗಡೆಯಾದವನನ್ನು ದಫ್ತರೂ ಬಿಡುಗಡೆ ಮಾಡಲಿ. ಕಾಗದ ಕೊಡಲಾಗದ ದೇಶದಿಂದ ಜೀವ ಉಳಿಸಿಕೊಂಡು ಬಂದವರ ಬಾಯಿಮಾತಿಗೂ ಬೆಲೆ ಇರಲಿ.

ಕೊನೆಗೆ, ಇದನ್ನು ಓದುತ್ತಿರುವ ಮೇಷ್ಟರುಗಳಿಗೆ ಒಂದು ಮಾತು. ಮಗುವಿನ ವರ್ಗಾವಣೆ ಪತ್ರದಲ್ಲಿ 'ನಡತೆ' ಎಂಬ ಒಂದು ಸಾಲು ಇರುತ್ತದೆ. ನಮ್ಮ ಮಕ್ಕಳಿಗೆ ಸಿಗುವ ಮೊದಲ ಸರ್ಟಿಫಿಕೇಟು ಅದು, ಬರೆಯುವ ಕೈ ನಿಮ್ಮದು. ಎದುರು ಮಾತಾಡಿದ ಹುಡುಗಿಗೆ, ಕೇರಿಯಿಂದ ತಡವಾಗಿ ಬಂದ ಹುಡುಗನಿಗೆ ಅಲ್ಲಿ ಏನು ಬರೆಯುತ್ತೀರಿ? ಪೆನ್ನು ಎತ್ತುವ ಮೊದಲು ಒಂದು ಸಲ ಅವರ ಮನೆಗೆ ಹೋಗಿ ಬನ್ನಿ.